ಮಂತ್ರಿಯ ಮಗಳಲ್ಲದವರಿಗೂ ಒಂದು ದಾರಿ ಮಾಡಿಕೊಡಿ: ಹರಪನಹಳ್ಳಿ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಾದ ಶ್ರೀಮತಿ ಎಂ.ಪಿ. ಲತಾ ಮಲ್ಲಿಕಾರ್ಜುನ್ ಅವರಿಗೆ,
ಹರಪನಹಳ್ಳಿ ವಿಧಾನಸಭಾ ಕ್ಷೇತ್ರ, ವಿಜಯನಗರ ಜಿಲ್ಲೆ.

ನಮಸ್ಕಾರ.

ಮೇಲೆ ಮಾನ್ಯ ಶಾಸಕರು ಎಂದು ಬರೆದಿದ್ದೇನೆ. ಇನ್ನು ಮುಂದೆ ಅಕ್ಕ ಎಂದೇ ಕರೆಯುತ್ತೇನೆ, ತಪ್ಪು ತಿಳಿಯಬೇಡಿ. ನಮ್ಮ ಕಡೆ ಹೆಣ್ಣುಮಕ್ಕಳು ಹೆಣ್ಣುಮಕ್ಕಳನ್ನು ಕರೆಯೋದೇ ಹಾಗಲ್ವಾ.

ನಾನು 2020ರ ಡಿಸೆಂಬರ್‌ನಲ್ಲಿ ನಡೆದ ಚುನಾವಣೆಯಲ್ಲಿ ಗೆದ್ದು ಇದೇ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಗೆ ಸದಸ್ಯೆಯಾದವಳು. ಗೆದ್ದದ್ದು ಮಹಿಳಾ ಮೀಸಲು ಕ್ಷೇತ್ರದಲ್ಲಿ. ಬೋರ್‌ವೆಲ್, ಸಿಸಿ ರಸ್ತೆ, ಸಮುದಾಯ ಭವನ ಕೇಳೋಕೆ ಬರೆದ ಪತ್ರ ಇದಲ್ಲ. ಅದಕ್ಕೆಲ್ಲ ಮನವಿ ಪತ್ರ ಬೇರೆ ಇದೆ, ಅದರ ಮೇಲೆ ಹತ್ತು ಜನರ ಸಹಿ ಹಾಕಿಸಿಕೊಂಡು ಹಾರ ತಗೊಂಡು ಬರುವವರೂ ಬೇರೆ ಇದ್ದಾರೆ. ನಾನು ಕೇಳಬೇಕಾಗಿರೋದು ನಿಮ್ಮ ರಾಜಕೀಯದ ಬಗ್ಗೆ, ಮತ್ತೆ ಅದರಿಂದ ನನ್ನಂಥವರಿಗೆ ಏನು ಸಿಗಬಹುದು ಅನ್ನೋದರ ಬಗ್ಗೆ. ಎಲ್ಲರೂ ಓದಲಿ ಅಂತಲೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಿಮ್ಮ ತಂದೆ ಎಂ.ಪಿ. ಪ್ರಕಾಶ್ ಅವರ ಹೆಸರು ಗೊತ್ತಿಲ್ಲದ ಮನೆ ಈ ಭಾಗದಲ್ಲಿ ಇಲ್ಲ. ಹಡಗಲಿಯಿಂದ ಮತ್ತೆ ಮತ್ತೆ ಗೆದ್ದವರು, ಸಮಾಜವಾದಿ, ನಾಟಕದ ಹುಚ್ಚಿದ್ದವರು, ಮಂತ್ರಿಯಾಗಿ ಉಪಮುಖ್ಯಮಂತ್ರಿಯೂ ಆದವರು. ಕ್ಷೇತ್ರ ಮರುವಿಂಗಡಣೆಯಲ್ಲಿ ಹಡಗಲಿ ಪರಿಶಿಷ್ಟ ಜಾತಿಗೆ ಮೀಸಲಾದಾಗ 2008ರಲ್ಲಿ ಅವರು ನಮ್ಮ ಹರಪನಹಳ್ಳಿಗೆ ಬಂದರು, ಜಿ. ಕರುಣಾಕರ ರೆಡ್ಡಿ ಅವರ ಎದುರು ಸೋತರು. 2011ರಲ್ಲಿ ತೀರಿಕೊಂಡರು. 2013ರಲ್ಲಿ ನಿಮ್ಮ ಸಹೋದರ ಎಂ.ಪಿ. ರವೀಂದ್ರ ಇಲ್ಲಿಂದ ಗೆದ್ದರು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 (ಜೆ) ವಿಧಿಯ ಸೌಲಭ್ಯ ಹರಪನಹಳ್ಳಿಗೂ ಬೇಕೆಂದು ಅವರು ಓಡಾಡಿದ್ದನ್ನು ಅವರಿಗೆ ಓಟು ಹಾಕದವರೂ ಒಪ್ಪುತ್ತಾರೆ. 2018ರಲ್ಲಿ ಅವರೂ ರೆಡ್ಡಿ ಅವರಿಗೆ ಸೋತರು, ಅದೇ ವರ್ಷ ನವೆಂಬರ್‌ನಲ್ಲಿ ನಮ್ಮನ್ನು ಬಿಟ್ಟು ಹೋದರು. ಆಮೇಲೆ ಉಳಿದದ್ದು ಒಂದೇ ಪ್ರಶ್ನೆ, ಪ್ರಕಾಶ್ ಅವರ ಮನೆಯಿಂದ ಇನ್ನು ಯಾರು?

ಆ ಪ್ರಶ್ನೆಯನ್ನೇ ನಾನು ಸ್ವಲ್ಪ ಹಿಡಿದು ನೋಡಬೇಕು ಅಂತಿದ್ದೇನೆ. ಯಾರೂ "ಹರಪನಹಳ್ಳಿಯಿಂದ ಯಾರು" ಎಂದು ಕೇಳಲಿಲ್ಲ. "ಆ ಮನೆಯಿಂದ ಯಾರು" ಎಂದರು. ಮಗ ಇರುವವರೆಗೂ ನಿಮ್ಮ ಹೆಸರನ್ನು ಯಾರೂ ಎತ್ತಿರಲಿಲ್ಲ, ಅಕ್ಕ. ನಿಮ್ಮ ತಂದೆ ಸೋತಾಗಲೂ ಎತ್ತಲಿಲ್ಲ, ತೀರಿಕೊಂಡಾಗಲೂ ಎತ್ತಲಿಲ್ಲ. ಗಂಡು ದಿಕ್ಕು ಇಲ್ಲವಾದ ಮೇಲೆ ಮಗಳ ನೆನಪಾಯಿತು. ಇದು ನಿಮ್ಮ ತಪ್ಪಲ್ಲ. ಆದರೆ ರಾಜಕಾರಣಿಯ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳ ಸರದಿ ಕೂಡ ಕೊನೆಗೇ ಬರೋದು ಅನ್ನೋದನ್ನು ನಿಮಗಿಂತ ಚೆನ್ನಾಗಿ ಯಾರು ಬಲ್ಲರು?

ಮತ್ತೆ ಅಷ್ಟಾದರೂ ಸುಲಭವಾಗಿ ಬಂತಾ? ಅದೂ ಇಲ್ಲ. 2023ರಲ್ಲಿ ಕಾಂಗ್ರೆಸ್ ನಿಮಗೆ ಬಿ ಫಾರ್ಮ್ ಕೊಡಲಿಲ್ಲ, ಎನ್. ಕೊಟ್ರೇಶ್ ಅವರಿಗೆ ಕೊಟ್ಟಿತು. ನೀವು ಪಕ್ಷೇತರರಾಗಿ ನಿಂತಿರಿ. ಒಂದು ಕಡೆ ನಿಮ್ಮದೇ ಪಕ್ಷದ ಅಭ್ಯರ್ಥಿ, ಇನ್ನೊಂದು ಕಡೆ ಬಳ್ಳಾರಿ ರೆಡ್ಡಿಗಳ ಮನೆಯವರೇ ಆದ ಹಾಲಿ ಶಾಸಕರು. ಪಕ್ಷೇತರ ಹೆಣ್ಣುಮಗಳಿಗೆ ಠೇವಣಿ ಉಳಿದರೆ ಸಾಕು ಎಂದು ನಮ್ಮೂರ ಹೋಟೆಲ್ ಕಟ್ಟೆಯ ಮೇಲೆ ಕೂತವರು ಬಾಜಿ ಕಟ್ಟಿದ್ದರು. ಮೇ 13ರಂದು ಎಣಿಕೆಯಾದಾಗ ನೀವು 13 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದಿದ್ದಿರಿ. ಆ ಸಲ ಇಡೀ ರಾಜ್ಯದಲ್ಲಿ ಪಕ್ಷೇತರರಾಗಿ ಗೆದ್ದವರು ಇಬ್ಬರೇ, ಗೌರಿಬಿದನೂರಿನಲ್ಲಿ ಕೆ.ಎಚ್. ಪುಟ್ಟಸ್ವಾಮಿಗೌಡರು, ಇಲ್ಲಿ ನೀವು. ಆಮೇಲೆ ನೀವು ಕಾಂಗ್ರೆಸ್ ಸರ್ಕಾರಕ್ಕೆ ಬೆಂಬಲ ಕೊಟ್ಟಿರಿ, ಅದು ನಿಮಗೆ ಬಿಟ್ಟದ್ದು. ಟಿಕೆಟ್ ಕೊಡದ ಪಕ್ಷವೇ ಗೆದ್ದ ಮೇಲೆ ಹೂಗುಚ್ಛ ಹಿಡಿದು ಫೋಟೋಗೆ ನಿಲ್ಲುತ್ತದೆ, ರಾಜಕೀಯ ಅಂದರೆ ಹಾಗೇ ಇರಬೇಕೇನೋ.

ಆ ಚುನಾವಣೆಯಲ್ಲಿ ನಿಮಗೆ ಓಟು ಹಾಕಿದ ಹೆಂಗಸರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಗಂಡಂದಿರು ಹೇಳಿದ ಗುರುತಿಗೇ ಒತ್ತೋದು ನಮ್ಮಲ್ಲಿ ಹಳೇ ಪದ್ಧತಿ. ಆ ಸಲ ಮಾತ್ರ ಮೆಕ್ಕೆಜೋಳದ ಹೊಲದಿಂದ ಬಂದವರು, ಕಬ್ಬು ಕಡಿಯೋಕೆ ಗುಳೆ ಹೋಗಿ ವಾಪಸ್ ಬಂದ ತಾಂಡಾದವರು, "ಪಾಪ, ಅಣ್ಣನೂ ಇಲ್ಲ ಅಪ್ಪನೂ ಇಲ್ಲ, ಟಿಕೆಟೂ ಕೊಡಲಿಲ್ಲ" ಎಂದು ಮಾತಾಡಿಕೊಂಡು ಸಾಲಿನಲ್ಲಿ ನಿಂತಿದ್ದರು. ಅನುಕಂಪ ಅನ್ನಿ, ಮನೆತನದ ಮೇಲಿನ ಪ್ರೀತಿ ಅನ್ನಿ. ಅದರ ಜೊತೆ ಇನ್ನೊಂದು ಇತ್ತು. ಗಂಡಸರು ಕೂತು ಇವಳಿಗೆ ಬೇಡ ಎಂದು ತೀರ್ಮಾನ ಮಾಡಿದ್ದರು. ಹಾಗೆ ಬೇಡ ಅನ್ನಿಸಿಕೊಂಡ ಅನುಭವ ಆ ಸಾಲಿನಲ್ಲಿದ್ದ ಪ್ರತಿ ಹೆಂಗಸಿಗೂ ಇತ್ತು. ನಿಮ್ಮ ಗೆಲುವಿನಲ್ಲಿ ಇದರ ಪಾಲು ಎಷ್ಟು ಎಂದು ಯಾವ ಚಾನೆಲ್‌ನವರೂ ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

ಇನ್ನು ಅಸಲು ವಿಷಯಕ್ಕೆ ಬರುತ್ತೇನೆ.

2023ರಲ್ಲಿ 224 ಸ್ಥಾನಗಳಲ್ಲಿ ಗೆದ್ದ ಹೆಣ್ಣುಮಕ್ಕಳು 10 ಜನ. ನಿಮ್ಮನ್ನೂ ಸೇರಿಸಿ. ಕೆಜಿಎಫ್‌ನ ರೂಪಕಲಾ ಅವರು ಕೇಂದ್ರದ ಮಾಜಿ ಮಂತ್ರಿ ಕೆ.ಎಚ್. ಮುನಿಯಪ್ಪ ಅವರ ಮಗಳು. ಮೂಡಿಗೆರೆಯ ನಯನಾ ಅವರು ಮಾಜಿ ಮಂತ್ರಿ ಮೋಟಮ್ಮ ಅವರ ಮಗಳು. ಕಲಬುರಗಿ ಉತ್ತರದ ಕನೀಜ್ ಫಾತಿಮಾ ಅವರು ಮಾಜಿ ಮಂತ್ರಿ ಖಮರುಲ್ ಇಸ್ಲಾಂ ಅವರ ಪತ್ನಿ, ಗಂಡ ತೀರಿಕೊಂಡ ಮೇಲೆ ಚುನಾವಣೆಗೆ ಬಂದವರು. ಮಹದೇವಪುರದಲ್ಲಿ ಅರವಿಂದ ಲಿಂಬಾವಳಿ ಅವರಿಗೆ ಟಿಕೆಟ್ ತಪ್ಪಿಸಿ ಪತ್ನಿ ಮಂಜುಳಾ ಅವರಿಗೆ ಕೊಟ್ಟರು. ನಿಪ್ಪಾಣಿಯ ಶಶಿಕಲಾ ಜೊಲ್ಲೆ ಅವರ ಪತಿ ಆಗ ಸಂಸದರು. 2024ರಲ್ಲಿ ನಮ್ಮ ಪಕ್ಕದ ಜಿಲ್ಲೆಯ ಸಂಡೂರಿನಲ್ಲಿ ಇ. ತುಕಾರಾಂ ಸಂಸತ್ತಿಗೆ ಹೋದರು, ಖಾಲಿಯಾದ ಜಾಗಕ್ಕೆ ಪತ್ನಿ ಅನ್ನಪೂರ್ಣ ಬಂದರು. ಅದೇ ವರ್ಷದ ಲೋಕಸಭೆ ಚುನಾವಣೆಯಲ್ಲಿ ಕಾಂಗ್ರೆಸ್ 6 ಹೆಣ್ಣುಮಕ್ಕಳಿಗೆ ಟಿಕೆಟ್ ಕೊಟ್ಟೆವು ಎಂದು ಎದೆ ತಟ್ಟಿಕೊಂಡಿತು. ಪಟ್ಟಿ ನೋಡಿದರೆ ಮಂತ್ರಿಯ ಮಗಳು, ಮಂತ್ರಿಯ ಹೆಂಡತಿ, ಮಾಜಿ ಮುಖ್ಯಮಂತ್ರಿಯ ಮಗಳು. ದಾವಣಗೆರೆಯಲ್ಲಂತೂ ಕಾಂಗ್ರೆಸ್, ಬಿಜೆಪಿ ಎರಡೂ ಪಕ್ಷದವರು ಮನೆಯವರನ್ನೇ ನಿಲ್ಲಿಸಿದರು, ಆ ಕಡೆ ಆಗಿನ ಮಂತ್ರಿ ಎಸ್.ಎಸ್. ಮಲ್ಲಿಕಾರ್ಜುನ್ ಅವರ ಪತ್ನಿ, ಈ ಕಡೆ ಆಗಿನ ಸಂಸದ ಜಿ.ಎಂ. ಸಿದ್ದೇಶ್ವರ ಅವರ ಪತ್ನಿ. ಓಟು ಹಾಕುವವರಿಗೆ ಉಳಿದ ಆಯ್ಕೆ ಅಂದರೆ ಯಾವ ಮನೆ ಅನ್ನೋದಷ್ಟೇ.

ಇವರ್‍ಯಾರೂ ದಡ್ಡರಲ್ಲ, ಕೆಲಸ ಮಾಡೋದಿಲ್ಲ ಎಂದೂ ನಾನು ಹೇಳುತ್ತಿಲ್ಲ. ಓದಿದವರಿದ್ದಾರೆ, ಸದನದಲ್ಲಿ ಚೆನ್ನಾಗಿ ಮಾತಾಡುವವರಿದ್ದಾರೆ. ಅಪ್ಪನ ಹೆಸರಿನಿಂದ ಬಂದ ಗಂಡಸರು ಇವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಇದ್ದಾರೆ, ಅವರನ್ನು ಯಾರೂ ಹೀಗೆ ಹೆಸರು ಹೆಸರು ಹಿಡಿದು ಎಣಿಸೋದಿಲ್ಲ ಅನ್ನೋದೂ ಗೊತ್ತು. ನನ್ನ ತಕರಾರು ಬೇರೆ. ಗಂಡಸಾದರೆ ಮನೆತನದಿಂದಲೂ ಬರಬಹುದು, ಸಹಕಾರ ಸಂಘದಿಂದ, ಎಪಿಎಂಸಿಯಿಂದ, ಗುತ್ತಿಗೆದಾರಿಕೆಯಿಂದ, ವಿದ್ಯಾರ್ಥಿ ಸಂಘಟನೆಯಿಂದ, ಯಾವ ದಾರಿಯಿಂದ ಬೇಕಾದರೂ ಬರಬಹುದು. ಹೆಣ್ಣಿಗೆ ದಾರಿ ಇರೋದು ಹೆಚ್ಚು ಕಮ್ಮಿ ಒಂದೇ, ಮನೆಯ ಒಳಗಿನಿಂದ. ಲಕ್ಷ್ಮಿ ಹೆಬ್ಬಾಳ್ಕರ್ ಅವರಂತೆ ಪಕ್ಷದ ಕೆಲಸ ಮಾಡುತ್ತಾ, ಎರಡು ಸಲ ಸೋತು, ಆಮೇಲೆ ಗೆದ್ದು ಮಂತ್ರಿಯಾದವರು ಬೆರಳೆಣಿಕೆಯಷ್ಟು. ಅವರು ಗೆದ್ದ ಮೇಲೆ ಅವರ ತಮ್ಮನೂ ವಿಧಾನ ಪರಿಷತ್ತಿಗೆ ಹೋದರು, ಮಗ ಬೆಳಗಾವಿಯಿಂದ ಲೋಕಸಭೆಗೆ ನಿಂತರು. ಹೊರಗಿನಿಂದ ಬಂದವರೂ ಬಂದ ಮೇಲೆ ಒಂದು ಮನೆ ಕಟ್ಟಿಬಿಡುತ್ತಾರೆ.

ಇನ್ನು ನಮ್ಮ ಕಥೆ ಕೇಳಿ. ರಾಜ್ಯದಲ್ಲಿ ಪಂಚಾಯಿತಿಯ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಅಂದರೆ ಸಾವಿರಾರು ಹೆಂಗಸರು ಗೆದ್ದು ಕುರ್ಚಿಗೆ ಬಂದಿದ್ದಾರೆ. ಆದರೆ ಕುರ್ಚಿಯಲ್ಲಿ ಕೂತವರು ಯಾರು? ನಾನು ಕಣ್ಣಾರೆ ಕಂಡ ಒಂದು ಪಂಚಾಯಿತಿಯ ವಿಷಯ ಹೇಳುತ್ತೇನೆ, ಹೆಸರು ಬೇಡ. ಅಧ್ಯಕ್ಷೆ ಮಹಿಳೆ. ಬಿಲ್ ಪಾಸ್ ಮಾಡಲು ಅಧ್ಯಕ್ಷರ ಡಿಜಿಟಲ್ ಸಹಿ ಬೇಕು, ಅದಕ್ಕೊಂದು ಡೊಂಗಲ್ ಇರುತ್ತದೆ. ಆ ಡೊಂಗಲ್ ಇದ್ದದ್ದು ಆಕೆಯ ಗಂಡನ ಬೈಕ್ ಕೀ ಗೊಂಚಲಿನಲ್ಲಿ. ಸಭೆಯ ದಿನ ಆತ ಬಂದು ಕೀ ಗೊಂಚಲು ಮೇಜಿನ ಮೇಲೆ ಟಪ್ ಅಂತ ಹಾಕಿದರೆ ಸಭೆ ಶುರುವಾಯಿತು ಎಂದು ಅರ್ಥ. ಗುಮಾಸ್ತರು "ಅಧ್ಯಕ್ಷರು ಬಂದ್ರು" ಎಂದು ಟೀ ತರಿಸುತ್ತಿದ್ದದ್ದು ಆತನಿಗೆ. ನಡಾವಳಿ ಪುಸ್ತಕ ಸಂಜೆ ಮನೆಗೆ ಹೋಗುತ್ತಿತ್ತು, ಆಕೆ ರೊಟ್ಟಿ ತಟ್ಟೋದು ಬಿಟ್ಟು ಕೈ ಒರೆಸಿಕೊಂಡು ಬಂದು ಸಹಿ ಹಾಕಬೇಕು. ಒಮ್ಮೆ ಆಕೆ ಏನು ಬರೆದಿದ್ದಾರೆ ಎಂದು ಓದಲು ಶುರು ಮಾಡಿದ್ದಕ್ಕೆ "ಓದೋಕೆ ಟೈಮ್ ಇಲ್ಲ, ಹಾಕು" ಎಂದ ಗಂಡ. ಗಂಡಂದಿರು ಕಚೇರಿಯಲ್ಲಿ ಕೈ ಹಾಕಬಾರದು ಎಂದು ಸುತ್ತೋಲೆಗಳೇನೋ ಬರುತ್ತವೆ. ಅವನ್ನು ತೆಗೆದು ಓದುವವರೂ ಆ ಗಂಡಂದಿರೇ.

ಎಲ್ಲ ಕಡೆಯೂ ಹೀಗೇ ಇಲ್ಲ. ತಾಂಡಾದಿಂದ ಗೆದ್ದ ನನ್ನ ಗೆಳತಿಯೊಬ್ಬಳಿದ್ದಾಳೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಉದ್ಯೋಗ ಖಾತರಿ ಕೆಲಸ ಕೇಳಿದರೆ ಕಚೇರಿಯವರು ಬಾಯಿ ಮಾತಲ್ಲಿ ನೋಡೋಣ ನೋಡೋಣ ಎಂದು ಕಳಿಸುತ್ತಿದ್ದ ಕಾಲದಲ್ಲಿ ಅವಳು ನಮೂನೆ-6, ಅಂದರೆ ಕೆಲಸ ಕೇಳುವ ಅರ್ಜಿ ತರಿಸಿ, ತಾಂಡಾದ ಹೆಂಗಸರಿಂದ ತುಂಬಿಸಿ, ಕಟ್ಟು ಮಾಡಿ ತಂದು ಟೇಬಲ್ ಮೇಲೆ ಇಟ್ಟಳು. ತಾರೀಕು ಹಾಕಿದ ಸ್ವೀಕೃತಿ ಕೊಡುವವರೆಗೆ ಬಾಗಿಲಲ್ಲೇ ಕೂತಳು. ಯಾಕೆಂದರೆ ತಾರೀಕಿನ ಸ್ವೀಕೃತಿ ಇದ್ದರೆ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲವಾದರೆ ನಿರುದ್ಯೋಗ ಭತ್ಯೆ ಕೇಳಬಹುದು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ಕೇಳಿ ಕೇಳಿ ತಿಳಿದುಕೊಂಡಿದ್ದಳು. ಸಂಜೆ ಹೊತ್ತಿಗೆ ಸ್ವೀಕೃತಿ ಸಿಕ್ಕಿತು. ಆ ವರ್ಷ ಬೇಸಿಗೆಯಲ್ಲಿ ತಾಂಡಾದಿಂದ ಗುಳೆ ಹೋದ ಕುಟುಂಬಗಳು ಕಮ್ಮಿ. ಈಗ ಹೇಳಿ ಅಕ್ಕ, ಇಂಥವಳು ಮುಂದೆ ಎಲ್ಲಿಗೆ ಹೋಗಬೇಕು?

ಹೋಗೋಕೆ ಜಾಗವೇ ಇಲ್ಲ. ಗ್ರಾಮ ಪಂಚಾಯಿತಿ ಆದ ಮೇಲೆ ತಾಲ್ಲೂಕು ಪಂಚಾಯಿತಿ, ಆಮೇಲೆ ಜಿಲ್ಲಾ ಪಂಚಾಯಿತಿ, ಅಲ್ಲಿ ಹೆಸರಾದರೆ ವಿಧಾನಸಭೆಯ ಟಿಕೆಟ್ ಕೇಳೋಕೆ ಬಾಯಿ ಬರುತ್ತದೆ. ಗಂಡಸರು ಎಷ್ಟೋ ಜನ ಹೀಗೇ ಬಂದಿದ್ದಾರೆ. ಆದರೆ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆದದ್ದು, 2021ಕ್ಕೆ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ ಅಂತ ಒಂದಷ್ಟು ದಿನ, ಮೀಸಲಾತಿ ಪಟ್ಟಿ ಅಂತ ಒಂದಷ್ಟು ದಿನ, ಹೈಕೋರ್ಟಿನಲ್ಲಿ ವಾಯಿದೆ ಮೇಲೆ ವಾಯಿದೆ, ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂದರೂ ವರ್ಷಗಟ್ಟಲೆ ಅಧಿಕಾರಿಗಳ ಆಡಳಿತವೇ ನಡೆಯಿತು. ಯಾವ ಪಕ್ಷಕ್ಕೂ ಅವಸರ ಇರಲಿಲ್ಲ. ಶಾಸಕರಿಗೂ ಇರಲಿಲ್ಲ, ನಿಜ ಹೇಳಬೇಕೆಂದರೆ. ಜಿಲ್ಲಾ ಪಂಚಾಯಿತಿ ಸದಸ್ಯರೇ ಇಲ್ಲದಿದ್ದರೆ ಅನುದಾನ ಹಂಚುವಾಗ ಎದುರು ಮಾತಾಡುವವರೂ ಇರೋದಿಲ್ಲ, ಮುಂದಿನ ಚುನಾವಣೆಯಲ್ಲಿ ಪೈಪೋಟಿಗೆ ಬರುವವರೂ ಇರೋದಿಲ್ಲ.

ನಮ್ಮ ತಾಲ್ಲೂಕಿನ ಪಾಡು ಇನ್ನೂ ವಿಚಿತ್ರ. 1997ಕ್ಕೆ ಮೊದಲು ಬಳ್ಳಾರಿ, ಆಮೇಲೆ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಇಷ್ಟು ಸಲ ಜಿಲ್ಲೆ ಬದಲಿಸಿದ ತಾಲ್ಲೂಕು ಇನ್ನೊಂದಿದ್ದರೆ ಯಾರಾದರೂ ಹೇಳಿ. 2016ರಲ್ಲಿ ನಾವು ಓಟು ಹಾಕಿದ್ದು ದಾವಣಗೆರೆ ಜಿಲ್ಲಾ ಪಂಚಾಯಿತಿಗೆ. ಹೊಸ ಜಿಲ್ಲೆ ಆಯಿತು ಎಂದು ಹೊಸಪೇಟೆಯಲ್ಲಿ ಸಂಭ್ರಮ ಮಾಡಿದರು, ಆದರೆ ಆ ಜಿಲ್ಲಾ ಪಂಚಾಯಿತಿಗೆ ನಾವು ಒಬ್ಬರನ್ನೂ ಆರಿಸಿ ಕಳಿಸಲಿಲ್ಲ. ಕಾನೂನಿನ ಪ್ರಕಾರ ಅದರಲ್ಲಿ ಅರ್ಧ ಹೆಣ್ಣುಮಕ್ಕಳು ಇರಬೇಕಿತ್ತು. ಐದು ವರ್ಷದ ಒಂದು ಇಡೀ ಅವಧಿ ಹಾಗೇ ಹೋಯಿತು. ಆ ಅವಧಿಯಲ್ಲಿ ತಯಾರಾಗಬೇಕಿದ್ದ ಹೆಂಗಸರು ಯಾರು ಎಂದು ಯಾರಿಗೂ ಗೊತ್ತಾಗೋದೇ ಇಲ್ಲ.

ಇದನ್ನು ಈಗಲೇ ಹೇಳಲು ಕಾರಣ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ ಎಂದು ಸಂವಿಧಾನಕ್ಕೆ 106ನೇ ತಿದ್ದುಪಡಿ ತಂದಿತು. ಜನಗಣತಿ ಆಗಬೇಕು, ಕ್ಷೇತ್ರ ಮರುವಿಂಗಡಣೆ ಆಗಬೇಕು, ಆಮೇಲೆ ಜಾರಿ ಎಂದು ಅದರಲ್ಲೇ ಬರೆದಿದ್ದಾರೆ. ಈಗಿರುವ 224ರ ಲೆಕ್ಕದಲ್ಲೇ ನೋಡಿದರೂ ಸುಮಾರು 75 ಸ್ಥಾನ. ಜಾರಿಯಾದ ದಿನ ಪಕ್ಷದ ಕಚೇರಿಗಳಲ್ಲಿ ಏನಾಗುತ್ತದೆ ಎಂದು ಊಹೆ ಮಾಡೋದು ಕಷ್ಟವಲ್ಲ. ಕ್ಷೇತ್ರ ಮೀಸಲಾದ ಶಾಸಕರು ಮನೆಗೆ ಬಂದು ಹೆಂಡತಿಯ ಆಧಾರ್ ಕಾರ್ಡ್, ಪ್ಯಾನ್ ಕಾರ್ಡ್ ಹುಡುಕುತ್ತಾರೆ. ಆಗ ನಮ್ಮ ಪಂಚಾಯಿತಿಯ ಡೊಂಗಲ್ ಕಥೆಯೇ ವಿಧಾನಸೌಧದಲ್ಲಿ ನಡೆಯುತ್ತದೆ. ಪಕ್ಷದವರು "ಗೆಲ್ಲುವ ಮಹಿಳಾ ಅಭ್ಯರ್ಥಿಗಳೇ ಸಿಗೋದಿಲ್ಲ ಕಣ್ರೀ" ಅನ್ನುತ್ತಾರೆ. ಸಿಗೋದಿಲ್ಲ ಯಾಕೆ? ಬೆಳೆಯುವ ಜಾಗಕ್ಕೆ ಚುನಾವಣೆಯನ್ನೇ ಮಾಡದೆ ಬೆಳೆದವರು ಇಲ್ಲ ಅಂದರೆ ಹೇಗೆ?

1983ರಲ್ಲಿ ರಾಮಕೃಷ್ಣ ಹೆಗಡೆ ಅವರ ಸರ್ಕಾರ, ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಲ್ಲಿ, ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ಹೆಣ್ಣುಮಕ್ಕಳಿಗೆ ಕಾಲುಭಾಗ ಮೀಸಲಿಡುವ ಕಾನೂನು ತಂದಿತು. ದೇಶದಲ್ಲಿ ಪಂಚಾಯಿತಿಗಳಲ್ಲಿ ಹೆಣ್ಣುಮಕ್ಕಳಿಗೆ ಮೀಸಲಾತಿ ತಂದ 73ನೇ ತಿದ್ದುಪಡಿ ಬರೋಕೆ ಹತ್ತು ವರ್ಷ ಮೊದಲಿನ ಮಾತು ಅದು. ಆ ಸರ್ಕಾರದಲ್ಲಿ ನಿಮ್ಮ ತಂದೆಯವರು ಮಂತ್ರಿಯಾಗಿದ್ದರು. ಊರಿನ ಹೆಂಗಸು ಕುರ್ಚಿಯಲ್ಲಿ ಕೂರಬೇಕು ಎಂದ ಗುಂಪಿನಲ್ಲಿ ಇದ್ದವರ ಮಗಳು ನೀವು. ಆಸ್ತಿ, ಹೆಸರು, ಕಾರ್ಯಕರ್ತರು ಇವಿಷ್ಟೇ ನಿಮ್ಮ ಪಾಲಿಗೆ ಬಂದದ್ದು ಎಂದು ನಾನು ಅಂದುಕೊಂಡಿಲ್ಲ. ಆ ಬಾಕಿ ಕೆಲಸವೂ ನಿಮ್ಮ ಪಾಲಿಗೇ ಬಂದಿದೆ.

ಹಾಗಾಗಿ ಕೆಲವು ವಿಷಯ ಕೇಳುತ್ತೇನೆ.

ಸದನದಲ್ಲಿ ಈ ಸ್ಥಳೀಯ ಸಂಸ್ಥೆಗಳ ವಿಷಯ ಎತ್ತಿ. ನೀವು ಯಾವ ಪಕ್ಷದ ಚಿಹ್ನೆಯ ಮೇಲೂ ಗೆದ್ದವರಲ್ಲ, ಹೀಗೇ ಮತ ಹಾಕಬೇಕು ಎಂದು ಪಕ್ಷದ ಶಾಸಕರಿಗಿರುವ ವಿಪ್ ನಿಮಗಿಲ್ಲ. ಸರ್ಕಾರಕ್ಕೆ ಬೆಂಬಲ ಕೊಡುತ್ತಲೇ ಅವಧಿ ಮುಗಿದ ತಕ್ಷಣ ಚುನಾವಣೆ ಮಾಡಿ, ವರ್ಷಗಟ್ಟಲೆ ಎಳೆಯಬೇಡಿ ಎಂದು ಕೇಳುವ ಸ್ವಾತಂತ್ರ್ಯ ನಿಮಗೆ ಇದೆ. ಪಕ್ಷದ ಟಿಕೆಟ್‌ನಲ್ಲಿ ಗೆದ್ದ ಉಳಿದವರಿಗಿಂತ ನಿಮ್ಮ ಬಾಯಿಗೆ ಬೀಗ ಕಮ್ಮಿ. ಅದನ್ನು ಬಳಸಿ.

ಎರಡನೆಯದು ನಿಮ್ಮ ಕೈಯಲ್ಲೇ ಇದೆ, ಬೆಂಗಳೂರಿಗೂ ಹೋಗಬೇಕಿಲ್ಲ. ಸರ್ಕಾರಿ ಕೆಲಸಗಳ ಪ್ರಗತಿ ನೋಡುವ ತಾಲ್ಲೂಕು ಮಟ್ಟದ ಕೆಡಿಪಿ ಸಭೆಗೆ ನಾಮನಿರ್ದೇಶಿತ ಸದಸ್ಯರಿರುತ್ತಾರೆ. ಸರ್ಕಾರಿ ಜಮೀನು ಉಳುತ್ತಾ ಬಂದವರಿಗೆ ಅದನ್ನು ಸಕ್ರಮ ಮಾಡಿಕೊಡುವ ಬಗರ್ ಹುಕುಂ ಸಮಿತಿ ಇದೆ, ಆಶ್ರಯ ಸಮಿತಿ ಇದೆ, ಆಸ್ಪತ್ರೆಯ ಸಮಿತಿ ಇದೆ. ಇಂಥ ಕಡೆ ಶಾಸಕರ ಮಾತೇ ನಡೆಯೋದು ಎಂದು ಎಲ್ಲರಿಗೂ ಗೊತ್ತು. ಸಾಮಾನ್ಯವಾಗಿ ಅಲ್ಲಿ ಕೂರುವವರು ಚುನಾವಣೆಯಲ್ಲಿ ಜೀಪು ಓಡಿಸಿದ, ಬೂತ್ ನೋಡಿಕೊಂಡ ಗಂಡಸರು. ಮಹಿಳೆ ಒಬ್ಬರು ಇರಲೇಬೇಕು ಎಂದಾಗ ಅವರ ಮನೆಯಿಂದಲೇ ಒಂದು ಹೆಸರು ಬರುತ್ತದೆ. ಅದರ ಬದಲು ಪಂಚಾಯಿತಿಯಲ್ಲಿ ಕೆಲಸ ಮಾಡಿ ಮೀಸಲಾತಿ ಬದಲಾಗಿ ಮನೆಗೆ ಹೋದ ಹೆಣ್ಣುಮಕ್ಕಳನ್ನು ಹುಡುಕಿ ಹಾಕಿ. ಅರ್ಧದಷ್ಟು ಹಾಕಿ. ಬಗರ್ ಹುಕುಂ ಅರ್ಜಿ ಯಾರದು ನಿಜ, ಯಾರದು ಸುಳ್ಳು ಎಂದು ಹೊಲದಲ್ಲಿ ಕಳೆ ತೆಗೆದವಳಿಗೆ ಗೊತ್ತಿರುವಷ್ಟು ಜೀಪ್ ಓಡಿಸಿದವನಿಗೆ ಗೊತ್ತಿರೋದಿಲ್ಲ.

ನಿಮ್ಮ ಕಾರ್ಯಕ್ರಮಗಳ ವೇದಿಕೆಗೆ ಅಧ್ಯಕ್ಷೆಯ ಗಂಡನನ್ನು ಹತ್ತಿಸಬೇಡಿ. ಸಣ್ಣ ವಿಷಯ ಅನ್ನಿಸಬಹುದು. ಒಬ್ಬ ಮಹಿಳಾ ಶಾಸಕಿ ಮೈಕ್ ಹಿಡಿದು "ಅಧ್ಯಕ್ಷರು ಎಲ್ಲಿ? ಅವರು ಬಂದ ಮೇಲೆ ಶುರು ಮಾಡೋಣ" ಎಂದು ಒಂದೇ ಒಂದು ಸಲ ಹೇಳಲಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ (ಪಿಡಿಒ) ಹಿಡಿದು ಜವಾನನವರೆಗೆ ಎಲ್ಲರಿಗೂ ಮುಟ್ಟುತ್ತದೆ. ನೂರು ಸುತ್ತೋಲೆಯಿಂದ ಆಗದ ಕೆಲಸ ಅದು.

ಇನ್ನು ಕೊನೆಯದು. ಇದನ್ನು ಕೇಳಲು ನನಗೆ ಸ್ವಲ್ಪ ಮುಜುಗರ, ಆದರೂ ಕೇಳುತ್ತೇನೆ. ನೀವು ಇನ್ನೂ ಹತ್ತು ಹದಿನೈದು ವರ್ಷ ರಾಜಕೀಯದಲ್ಲಿರಿ, ಮಂತ್ರಿಯೂ ಆಗಿ, ನಮಗೆ ಸಂತೋಷವೇ. ಒಂದಲ್ಲ ಒಂದು ದಿನ ನಿಮ್ಮ ನಂತರ ಯಾರು ಅನ್ನುವ ಪ್ರಶ್ನೆ ಬರುತ್ತದೆ. ಕಾರ್ಯಕರ್ತರು ಮತ್ತೆ ಅದನ್ನೇ ಕೇಳುತ್ತಾರೆ, ಮನೆಯಿಂದ ಯಾರು ಎಂದು. ಅವತ್ತು ಹೇಳೋಕೆ ನಿಮ್ಮ ಹತ್ತಿರ ನಿಮ್ಮ ಮನೆಯದಲ್ಲದ ಒಂದು ಹೆಣ್ಣಿನ ಹೆಸರು ಇರಲಿ. ಅದು ಆ ದಿನ ಹುಡುಕಿದರೆ ಸಿಗೋದಿಲ್ಲ, ಈಗಿನಿಂದಲೇ ಜೊತೆಗೆ ಕರೆದುಕೊಂಡು ಓಡಾಡಬೇಕು, ಅಧಿಕಾರಿಗಳ ಎದುರು ಕೂರಿಸಬೇಕು, ಭಾಷಣ ಮಾಡಿಸಬೇಕು, ಚುನಾವಣೆಯ ಖರ್ಚಿನ ಲೆಕ್ಕ ಹೇಗೆ ಅನ್ನೋದನ್ನೂ ಕಲಿಸಬೇಕು. ನಿಮ್ಮ ತಂದೆಯ ಮನೆಗೆ ಬಂದು ಹೋಗುವವರನ್ನು ನೋಡುತ್ತಾ ನೋಡುತ್ತಾ ನಿಮಗೆ ತಾನಾಗಿ ಬಂದದ್ದೆಲ್ಲ ಅವಳಿಗೆ ಯಾರಾದರೂ ಹೇಳಿಕೊಡಬೇಕು.

ತಾಂಡಾದ ಗೆಳತಿಗೆ ಈ ಪತ್ರ ಬರೆಯುತ್ತಿರುವುದು ಹೇಳಿದೆ. "ಸುಮ್ನೆ ಯಾಕೆ ಬರೀತಿ, ಎಮ್ಮೆಲ್ಲೆ ಓದ್ತಾರಾ?" ಎಂದಳು. ನೀವು ಓದುತ್ತೀರಿ ಎಂದು ನಾನು ಹೇಳಿದ್ದೇನೆ. ಮುಂದಿನ ತಾಲ್ಲೂಕು ಕೆಡಿಪಿ ಸಭೆಯ ದಿನಾಂಕ ತಿಳಿಸಿದರೆ ನಾವಿಬ್ಬರೂ ಬರುತ್ತೇವೆ. ಮಾತಾಡಲು ಅವಕಾಶ ಕೊಡಿ, ಹತ್ತು ನಿಮಿಷ ಸಾಕು. ಸಭಾಂಗಣದ ಹಿಂದೆ ನಿಂತು ಕೇಳಿಸಿಕೊಳ್ಳಲು ಬರೋದಿಲ್ಲ, ಮೇಜಿನ ಹತ್ತಿರ ಎರಡು ಕುರ್ಚಿ ಹಾಕಿಸಿ.

ವಂದನೆಗಳೊಂದಿಗೆ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು,
ಹರಪನಹಳ್ಳಿ ತಾಲ್ಲೂಕು